ಎರಡು ಡಬ್ಬಿ, ಒಂದ ಹೆಸರು

...ಏಳಬ್ಯಾಡ, ಏಳಬ್ಯಾಡ, ಕೂತಿರು ಕೇತಕಿ. ನಾನೇನು ಹೊರಗಿನಾಕಿನ? ವಾರಗಿತ್ತಿ ಬಂದ್ಳಂತ ಯಾರರೆ ಎದ್ದು ನಿಂದರತಾರೇನು! ತಗೋ, ಭಡಂಗ ಚುರಮರಿ ತಂದೀನಿ. ನಿಮ್ಮ ಜಯಸಿಂಗಪುರ ಪ್ಯಾಟಿದ್ದಲ್ಲ ಮತ್ತ, ನಾನ ಕೈಯಾರೆ ಮಾಡಿದ್ದು, ಬಳ್ಳೊಳ್ಳಿ ಜಾಸ್ತಿ ಹಾಕಿ. ಮೂರು ದಿನ ಆತಂತ ನೀ ಸರಿಯಾಗಿ ಉಂಡು. ಸಂಗ್ರಾಮ ಫೋನ್ ಮಾಡಿದ್ದ, "ವೈನಿ, ನೀವರೆ ಬಂದು ಆಕಿಗೆ ಹೇಳ್ರಿ" ಅಂತ. ಗಂಡನ ಮಾತು ಕೇಳದಾಕಿ ವಾರಗಿತ್ತಿ ಮಾತು ಕೇಳತಾಳೇನು! ...ಬ್ಯಾಡ? ಇರಲಿ. ಇಲ್ಲೇ ಕಂಪ್ಯೂಟರ್ ಬಾಜೂಕ ಇಡತೀನಿ. ...ಯಾಕ ಸರಸಿದಿ? ಎಣ್ಣಿ ಸೋರೂದಿಲ್ಲವ್ವ, ಡಬ್ಬಿ ಗಟ್ಟಿ ಐತಿ.

ಅಬ್ಬಬ್ಬಾ, ಏನು ಮೆಟ್ಟಲ ನಿಮ್ಮವು! ಮೊದಲ ಈ ಖೋಲ್ಯಾಗ ಗೋಣಿಚೀಲ, ಜಂಗು ಹಿಡಿದ ನೇಗಿಲ ಕುಳ ಇರತಿದ್ದವು. ಈಗ ನೋಡು, ತಂಪು ಗಾಳಿ, ತಿರಗೋ ಕುರ್ಚಿ... ಅತ್ತಿ ಫೋಟೋನೂ ಇಲ್ಲೇ ತಂದು ಹಾಕ್ಯಾರ ನಮ್ಮ ಮಾವ, ಆಬಾ! ಇಪ್ಪತ್ತೆರಡು ವರ್ಷ ನಮ್ಮ ಸಾಂಗ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡ್ಯಾಗ ನನ್ನ ತಲಿ ಮ್ಯಾಲ ಇತ್ತು ಈ ಫೋಟೋ. "ಶಾಲನ್, ಇದು ನಿನ್ನ ಅತ್ತಿ ಕುಂಡರತಿದ್ದ ಜಾಗಾ, ಇನ್ನ ಮುಂದ ನಿಂದು" ಅಂದಿದ್ದರು. ಇರಲಿ ಬಿಡು. ಸೊಸಿ ಬದಲಾದ್ರ ಗ್ವಾಡಿನೂ ಬದಲಾಗತೈತಿ.

ಆಬಾ ಮಿರಜ್ ದವಾಖಾನಿಗೆ ಹೋಗ್ಯಾರ, ನಮ್ಮ ಗಿರಾಕಿ ಬಜರಂಗನ್ನ ನೋಡಾಕ. ಹನ್ನೆರಡಕ್ಕ ಅಲ್ಲಿಂದ ಸೀದಾ ಇಲ್ಲಿಗೇ ಬರತಾರಂತ. ಎಲ್ಲಾರನ್ನೂ ಕೂಡಿಸಿ ಮಾತಾಡವ್ರಂತ. ಅದಕ್ಕ ನಾ ಒಂದು ತಾಸು ಮೊದಲ ಬಂದೆ. ನಿನ್ನ ಪರವಾಗಿ ಮಾತಾಡಾಕಿ ಒಬ್ಬಾಕಿ ಬೇಕಲ್ಲ ಈ ಮನ್ಯಾಗ!

ಅವನ ಕಾಲು ಉಳೀತೈತಂತ, ಡಾಕ್ಟರ್ ಹೇಳ್ಯಾರ. ಮೊಣಕಾಲ ಕೆಳಗ ಎರಡು ಕಡೆ ಮುರದೈತಿ, ರಾಡ್ ಹಾಕ್ಯಾರ. ಆದ್ರ ಟ್ರ್ಯಾಕ್ಟರ್ ಹೊಡಿಯೋದು ಮಾತ್ರ... ಪಾಪ, ಹಂಗಾಮು ನಡು ಐತಿ. ಫ್ಯಾಕ್ಟರಿಗೆ ಕಬ್ಬು ಹೊತ್ತು ಹೊಂಟಾನ, ಸೇತುವೆ ಏರನ್ಯಾಗ ಗಾಡಿ ಸಾಲು ನಿಂತೈತಿ, ಗಾಲಿಗೆ ಕಲ್ಲು ಇಡೂನಂತ ಇಳದಾನ. ಅಷ್ಟರಾಗ ಟ್ರಾಲಿ ಎಳಿಯೋ ಹುಕ್ಕಿನ ಬೋಲ್ಟ್ ಕಡದು, ಟ್ರಾಲಿ ಹಿಂದ ಸರದು ಕಾಲ ಮ್ಯಾಲ... ಅಯ್ಯ ದೇವರ! ಗಟ್ಟಿ ಬೋಲ್ಟ್ ಇರಬೇಕಾದಲ್ಲೆ ಮೆತ್ತಂದು. ಅದನ್ನ ಕೊಟ್ಟವ್ರು ಯಾರು? ಆಬಾನ. ತಾಸಗಾಂವ ಅಂಗಡ್ಯಾಗ, ತಮ್ಮ ಕೈಯಾರೆ. ಮೋತಿಬಿಂದು ಆಪರೇಶನ್ ಆದ ಕಣ್ಣು ಅವರದು, ಡಬ್ಬಿ ಮ್ಯಾಲಿನ ನಂಬರ ನೋಡಿ ತಗದುಕೊಟ್ಟಾರ. "ಯಾದ್ಯಾಗ ಒಂದ ಅಂತ ಇತ್ತು, ನಾ ಒಂದ ಅಂತ ಕೊಟ್ಟೆ" ಅಂತ ಮೂರು ದಿನದಿಂದ ಅದನ್ನ ಹೇಳಾಕತ್ತಾರ ಮುದುಕರು.

ನೀ ಅವರ ಮುಂದ "ತಪ್ಪು ನಂದು" ಅಂದಿಯಂತಲ್ಲ. ಚಲೋ ಮಾಡಿದಿ. ಖರೇನ ಹೇಳತೀನಿ, ಕೇಳಿ ನನಗ ಹೆಮ್ಮಿ ಆತು. ಸಣ್ಣಾಕಿ ಇದ್ರೂ ನಮ್ಮ ಕೇತಕಿ ದೊಡ್ಡ ಮನಸಿನಾಕಿ ಅಂದೆ ನಿಮ್ಮ ಭಾವನ ಮುಂದ. ...ಯಾಕ ಹಂಗ ನೋಡತಿ? ಅಂದೀನವ್ವ! ಬೇಕಾದ್ರ ಅವರನ್ನ ಕೇಳು.

ನಂದೂ ಒಂದು ತಪ್ಪಂದ್ರ, ಸುರೂವಾತ್ನ್ಯಾಗ ನಾ ಬಾಯಿ ಬಿಡಬೇಕಿತ್ತು. "ಮೂರು ಅಂಗಡಿ ಸಾಮಾನಿಗೆ ಒಂದ ಯಾದಿ ಮಾಡತೀನಿ, ಒಂದು ವಸ್ತುಕ್ಕ ಒಂದ ಹೆಸರು, ಒಂದ ನಂಬರ" ಅಂತ ನೀ ಅಂದಾಗ ಎಲ್ಲಾರೂ ಚಪ್ಪಾಳಿ ಹೊಡದ್ರು. ಏನಂತಾರ ಅದಕ್ಕ... ಮಾಸ್ಟರ್. ಹೂಂ, ಮಾಸ್ಟರ್! ಹೊಸಾ ಹೆಸರು ಸೇರಸಬೇಕು? ಕೇತಕಿನ್ನ ಕೇಳ್ರಿ. ಹಳೇದು ತಗೀಬೇಕು? ಕೇತಕಿನ್ನ ಕೇಳ್ರಿ. ಎರಡು ಕೂಡಸಬೇಕು? ಕೇತಕಿ ಹೂಂ ಅನಬೇಕು. ಸಾಂಗ್ಲಿಯಾಗ ಕೂತು ನಾನು ಒಂದು ವಾಶರಿನ ಹೆಸರು ತಿದ್ದಬೇಕಂದ್ರ ಜಯಸಿಂಗಪುರದ ಮ್ಯಾಳಿಗಿಗೆ ಅರ್ಜಿ ಹಾಕಬೇಕು! ಲಗ್ನ ಆಗಿ ನಾಕು ವರ್ಷ ಆಗಿಲ್ಲ ಹುಡುಗಿಗೆ...

ನಗಬ್ಯಾಡ! ...ನಕ್ಕಿಲ್ಲ? ಮತ್ತ ತುಟಿ ಯಾಕ ಹಂಗಾತು?

ನೋಡು, ನನಗೇನೂ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಕಿಚ್ಚು ಪಡಾಕ ನಾನೇನು ನಿನ್ನ ವಾರಿಗಿಯಾಕಿನ? ನನ್ನ ಮಗಳು ನಿನಗಿಂತ ಆರ ವರ್ಷಕ್ಕ ಸಣ್ಣಾಕಿ. ಆದ್ರ ಮನಸಿಗೆ ಹತ್ತತೈತೋ ಇಲ್ಲೋ? ಆ ಅಂಗಡ್ಯಾಗ ಕರೆಂಟ್ ಹೋದ್ರ ನಾ ದೀಪಾ ಹಚ್ಚತಿದ್ದಿಲ್ಲ, ಗೊತ್ತೇನು? ಕೈಯಾಡಿಸಿ ತಗದುಕೊಡತಿದ್ದೆ. ಬೋಲ್ಟಿನ ತಲಿ ಮ್ಯಾಲ ಹೆಬ್ಬಟ್ಟು ಸವರಿದ್ರ ಸಾಕು, ಅಂಕಿ ಕೆತ್ತಿದ್ದು ಹತ್ತಿದ್ರ ಗಟ್ಟಿ, ನುಣ್ಣಗಿದ್ರ ಮೆತ್ತಂದು. ಹೆಬ್ಬಟ್ಟ ನೋಡಿಲ್ಲಿ, ಚರ್ಮ ಹ್ಯಾಂಗಾಗೈತಿ. ತಾಸಗಾಂವದಿಂದ ಆಬಾ ದಿನಾ ನಾಕು ಸಲ ಫೋನ್ ಮಾಡವ್ರು. "ಶಾಲನ್, ರೋಟಾವೇಟರಿನ ಆ ಪಟ್ಟಿ ಇಲ್ಲೆ ಯಾವ ಗೂಡಿನ್ಯಾಗ ಐತಿ?" ಅಂಗಡಿ ಅವರದು, ಗೂಡು ಅವರದು, ಕೇಳೋದು ನನ್ನ! ನಾ ಸಾಂಗ್ಲಿಯಾಗ ಕೂತು, "ಬಲಕ್ಕ ಮೂರನೇದು, ಮ್ಯಾಲಿಂದು, ಹಿಂದ ಕೈ ಹಾಕ್ರಿ" ಅಂತಿದ್ದೆ. "ಸಿಕ್ಕತು ನೋಡವ್ವ!" ಅಂತಿದ್ದರು. ಆ "ಸಿಕ್ಕತು" ಕೇಳಿದ್ರ ನನಗ ಹೊಟ್ಟಿ ತುಂಬತಿತ್ತು.

ಈಗ ಎಲ್ಲೈತಿ ಫೋನು? ತಿಂಗಳಾನಗಟ್ಟಲೆ ಆತು. ಒಮ್ಮೆ ನಾನ ಮಾಡಿದೆ, "ಆಬಾ, ಏನರೆ ಬೇಕಾಗಿತ್ತೇನು?" ಅಂತ. "ಇಲ್ಲವ್ವ, ಎಲ್ಲಾ ಕೇತಕಿ ಯಾದ್ಯಾಗ ಐತಿ" ಅಂದ್ರು. ಎಷ್ಟು ಖುಷಿಲೆ ಅಂದ್ರು! ನಿಮ್ಮ ಭಾವನೂ ಹಂಗ. ಉಣ್ಣಾಕ ಕೂತ್ರ, ನಾ ಮಾಡಿದ ಬದನಿಕಾಯಿ ಬಾಯಾಗಿಟ್ಟುಕೊಂಡು, "ಕೇತಕಿ ಇರಲಿಲ್ಲಂದ್ರ ನಮ್ಮ ಧಂದೆ ಮುಳಗತಿತ್ತು" ಅಂತಾರ. ಇಪ್ಪತ್ತೆರಡು ವರ್ಷ ಯಾರು ತೇಲಿಸಿದ್ರಂತ? ಅನ್ನಬೇಕನಿಸ್ತು. ಅನ್ನಲಿಲ್ಲ. ಇನ್ನೊಂದು ರೊಟ್ಟಿ ಹಾಕಿದೆ.

ಆ ಗಣಪಾನ ನಟ್ ನೆನಪೈತೇನು ನಿನಗ? ನನಗೈತಿ! ಕವಠೆಯ ಗಣಪಾ ಹದಿನಾಕು ವರ್ಷದಿಂದ ಅದೊಂದ ನಟ್ ಒಯ್ಯಾಕ ಬರತಾನ, ಅದಕ್ಕ ನಾ ಹಂಗ ಬರಕೊಂಡಿದ್ದೆ. ನಮ್ಮ ಅಂಗಡಿಗೆ ಬಂದವ್ರೆಲ್ಲಾ "ವೈನಿ, ಗಣಪಾನ ನಟ್ ಕೊಡ್ರಿ" ಅಂತಾರ. ನಿನ್ನ ಯಾದ್ಯಾಗ ಆ ಹೆಸರು ಇರಲಿಲ್ಲ. ಅರ್ಜಿ ಹಾಕಿದೆ. ಬೆರಳು ನೋಯೂತನಕ ಕುಟ್ಟಿ ಕುಟ್ಟಿ ಹಾಕಿದೆ. ಏನು ಬಂತು ಮರುದಿನ? "ಈ ವಸ್ತು ಮೊದಲೇ ಇದೆ. ಹೆಸರು ನಿಯಮಕ್ಕೆ ಹೊಂದುವುದಿಲ್ಲ. ತಿರಸ್ಕರಿಸಲಾಗಿದೆ." ಕೆಂಪು ಅಕ್ಷರದಾಗ! ತಿರಸ್ಕಾರ... ವಾರಗಿತ್ತಿಗೆ! ಒಂದು ಫೋನ್ ಮಾಡಿ "ಅಕ್ಕಾ, ಹಿಂಗಾಗೈತಿ" ಅಂದಿದ್ರ ನಿನ್ನ ಗಂಟೇನು ಹೋಗತಿತ್ತು?

...ಹೌದು, ಕಂಪ್ಯೂಟರ್ ತಾನ ಹಂಗ ಬರೀತೈತಿ ಅಂತ ಅವತ್ತೂ ಹೇಳಿದಿ. ಕಂಪ್ಯೂಟರಿಗೆ ಕಲಿಸಿದಾಕಿ ಯಾರು?

ಮತ್ತ ದಸರಾ ಖಂಡೇಪೂಜಿ ದಿನ... ಬ್ಯಾಡ, ಬಿಡು. ಅದೆಲ್ಲಾ ಈಗ್ಯಾಕ. ...ಇಲ್ಲ, ಹೇಳೇಬಿಡತೀನಿ. ಪ್ರತಿ ವರ್ಷ ತಕ್ಕಡಿಗೆ, ನನ್ನ ಲೆಕ್ಕದ ವಹಿಗೆ ಅರಿಷಿಣ ಕುಂಕುಮ ಹಚ್ಚಾಕಿ ಯಾರು? ನಾನು. ಮೂರೂ ಅಂಗಡಿ ಪೂಜಿ ನನ್ನ ಕೈಯಿಂದ. ಈ ಸಲ ಹಸರು ಸೀರಿ ಉಟ್ಟು, ತಾಟು ಹಿಡಕೊಂಡು ಇದೇ ಮೆಟ್ಟಲ ಹತ್ತಿ ಬಂದೆ. ಆಬಾ ನನ್ನ ಕೈಯಾಗಿನ ತಾಟು ತಗೊಂಡು ನಿನ್ನ ಕೈಯಾಗ ಕೊಟ್ಟರು. "ಹಚ್ಚವ್ವ ಕೇತಕಿ, ಇನ್ನ ಮ್ಯಾಲ ಇದ ನಮ್ಮ ವಹಿ" ಅಂತ ಈ ಕಂಪ್ಯೂಟರ್ ತೋರಿಸಿದ್ರು. ನೀ ಹಚ್ಚಿದಿ. ನಾ ಬಾಗಲದಾಗ ನಿಂತು ನೋಡಿದೆ. ನೀ ನನ್ನ ಕಡೆ ನೋಡಲಿಲ್ಲ ಕೇತಕಿ. ಒಮ್ಮೆನೂ ನೋಡಲಿಲ್ಲ.

ಇರಲಿ. ಆಗಿದ್ದು ಆತು. ನಾ ಬಂದದ್ದು ಜಗಳಾಡಾಕಲ್ಲ. ಒಂದು ಉಪಾಯ ತಂದೀನಿ, ಕೇಳು. ಆಬಾ ಬರೂದರೊಳಗ ನೀ ಒಂದು ಕಾಗದ ಬರದಿಡು. "ಈ ಯಾದಿ ಕೆಲಸ ನನ್ನಿಂದ ಆಗೂದಿಲ್ಲ, ಸಾಮಾನಿನ ಗುರುತು ನನಗಿಲ್ಲ, ಶಾಲನಕ್ಕನ ನೋಡಿಕೊಳ್ಳಲಿ" ಅಂತ. ಇಷ್ಟ. ನಾ ಆಬಾನ ಮುಂದ ಕೈಮುಗದು ಹೇಳತೀನಿ, ಸಣ್ಣಾಕಿ, ತಿಳೀಲಿಲ್ಲ, ಬೈಬ್ಯಾಡ್ರಿ ಅಂತ. ನಿನ್ನ ಮರ್ಯಾದಿ ಉಳೀತೈತಿ, ಮುದುಕರಿಗೂ ಸಮಾಧಾನ. ಕಂಪ್ಯೂಟರ್ ಕುಟ್ಟೋದು ನೀನ ಕುಟ್ಟು, ಯಾರು ಬ್ಯಾಡಂದ್ರು? ಹೂಂ ಅನ್ನೋದು ಮಾತ್ರ ನನ್ನ ಕಡೆ ಇರಲಿ.

ಪೆನ್ ಐತೇನು? ನನ್ನ ಚೀಲದಾಗ ಐತಿ, ತಗೋ. ...ತಗೋಳವ್ವ.

ಏನಾತು? ಯಾಕ ಪೆನ್ ಬದಿಗಿಟ್ಟಿ?

ನೀ ಏನು ವಿಚಾರ ಮಾಡಾಕತ್ತಿ, ನನಗ ಗೊತ್ತೈತಿ. "ಅಕ್ಕನ್ನೂ ಕೇಳಿದ್ದೆನಲ್ಲ" ಅಂತ. ಹೌದಲ್ಲ? ಆ ಯಾದಿ! ಕಳಿಸಿದ್ದಿ, ಇಲ್ಲ ಅನ್ನೂದಿಲ್ಲ. ನಾಕನೂರ ಹನ್ನೆರಡು ಸಾಲು. ಎಡಕ್ಕ ಒಂದು ಹೆಸರು, ಬಲಕ್ಕ ಇನ್ನೊಂದು, "ಅಕ್ಕಾ, ಇವೆರಡೂ ಒಂದ ಏನು, ಬ್ಯಾರೆ ಏನು, ನೀವ ಹೇಳಬೇಕು" ಅಂತ. ನಾ ಅದನ್ನ ನೋಡೇ ಇಲ್ಲ ಕೇತಕಿ. ಅತ್ತಿ ಫೋಟೋ ಐತಿಲ್ಲೆ, ಆಣಿ ಮಾಡಿ ಹೇಳತೀನಿ... ಆಣಿ ಯಾಕ, ಸುಮ್ನ ಹೇಳತೀನಿ. ದಸರಾ ಗದ್ದಲ, ಅಂಗಡಿ ತುಂಬ ಮಂದಿ, ನನಗ ಕಣ್ಣು ಬ್ಯಾರೆ ಮಂಜು. ಯಾರೋ ಒತ್ತಿರಬೇಕು ಮ್ಯಾಲಿಂದ ಕೆಳತನಕ, ಒಂದ, ಒಂದ, ಒಂದ ಅಂತ.

ಅಷ್ಟಕ್ಕೂ ಮೂಲದಾಗ ತಪ್ಪಿದಾಕಿ ನೀನ. ನನ್ನ ಹಳೇ ವಹಿ ಒಯ್ದು ಝೆರಾಕ್ಸ್ ಮಾಡಿಸಿದಿ. ಗಟ್ಟಿ ಬೋಲ್ಟಿಗೆ ನಾ ಕೆಂಪು ಚುಕ್ಕಿ ಇಡತಿದ್ದೆ, ಮೆತ್ತಂದಕ್ಕ ನೀಲಿ. ಝೆರಾಕ್ಸಿನ್ಯಾಗ ಎರಡೂ ಕರಿ ಚುಕ್ಕಿ! ನಿಮ್ಮ ಪುಣೆ ಕಾಲೇಜಿನ್ಯಾಗ ಇದನ್ನ ಕಲಿಸೂದಿಲ್ಲೇನು? ಹದಿನಾರು ದಪ್ಪ, ನೂರು ಉದ್ದ, ಎರಡೂ ಕರೇವು, ಎರಡಕ್ಕೂ ಒಂದೊಂದು ಕರಿ ಚುಕ್ಕಿ. ಒಂದ ಅನಿಸಿರಬೇಕು ನಿನಗ. ಎರಡು ಡಬ್ಬಿ ಕೂಡಿಸಿ ಒಂದು ಮಾಡ್ರಿ ಅಂತ ಮೂರೂ ಅಂಗಡಿಗೆ ಹೇಳಿ ಕಳಿಸಿದಿ. ತಾಸಗಾಂವದಾಗ ಕೂಡಿಸಿದ್ರು. ನೀವೂ ಇಲ್ಲೆ ಕೂಡಿಸಿದ್ರಿ. ಬೇಕಾದ್ರ ನಮ್ಮ ಸಾಂಗ್ಲಿ ಅಂಗಡಿಗೆ ಬಂದು ನೋಡು, ಅಲ್ಲಿಂದ ಒಂದ ಒಂದು ತಪ್ಪು ಬೋಲ್ಟ್ ಹೊರಗ ಹೋಗಿಲ್ಲ. ಇವತ್ತಿಗೂ ಎರಡೂ ಬ್ಯಾರೆ ಬ್ಯಾರೆ ಡಬ್ಬಿಯಾಗ ಅದಾವು. ಕೆಂಪು ಚುಕ್ಕಿದು ಬ್ಯಾರೆ, ನೀಲಿ ಚುಕ್ಕಿದು ಬ್ಯಾರೆ. ನಾನ ಇಟ್ಟೀನಿ. ಅದಕ್ಕ ಅನುಭವ ಅಂತಾರ!

...

ಏನು?

ಯಾಕ ಹಂಗ ನೋಡಾಕತ್ತಿ?

ಇಲ್ಲ, ಅಂದ್ರ... ನೀ ಕೂಡಸ್ರಿ ಅಂದಾಗ ನಾ ಕೂಡಿಸಲಿಲ್ಲ, ಅಷ್ಟ. ರೂಢಿ. ಹಳೇ ರೂಢಿ. ಬ್ಯಾರೆ ಅಂತ ಗೊತ್ತಿತ್ತಂತಲ್ಲ... ಗೊತ್ತಿತ್ತು, ಬೋಲ್ಟ್ ಬ್ಯಾರೆ ಅಂತ ಯಾರಿಗೆ ಗೊತ್ತಿರೂದಿಲ್ಲ! ಯಾದ್ಯಾಗ ಕೂಡ್ಯಾವಂತ ನನಗ ಹ್ಯಾಂಗ... ನೀ ಹೇಳಿ ಕಳಿಸಿದ ಮ್ಯಾಲ... ಫೋನ್ ಮಾಡಬೇಕಿತ್ತು ಅಂತೀಯೇನು? ಮಾಡಬೇಕಿತ್ತು. ಮರತೆ. ಮಂದಿಗೆ ಮರವು ಬರೂದಿಲ್ಲೇನು?

ಏನರೆ ಅನ್ನ! ಬಾಯಿ ತುಂಬ ಬೈ ಬೇಕಾದ್ರ.

...ಕಂಪ್ಯೂಟರ್ ಯಾಕ ನನ್ನ ಕಡೆ ತಿರಗಸತಿ? ನನಗ ಇದನ್ನೆಲ್ಲಾ ಓದಾಕ ಬರೂದಿಲ್ಲ. ಚಾಳೀಸ್ ತಂದಿಲ್ಲ. ...ಕೊರಳಾಗ ಐತಿ. ಹೌದು. ಐತಿ.

ಇದೇನು? ಸಾಲು ಎರಡನೂರ ಅರವತ್ತಾರು. "ಬೇರೆ. ಒಂದಕ್ಕೆ ತೂತು ದೊಡ್ಡದು." ...ಶಾಲನ್ ಮಗದೂಮ್. ಎರಡನೂರ ಅರವತ್ತೇಳು. "ಬೇರೆ. ಇದು ಎಡಕ್ಕೆ ತಿರುಗುವ ತಿರುಪಿನದು." ಶಾಲನ್ ಮಗದೂಮ್. ಮಧ್ಯಾಹ್ನ ನಾಕು ಹನ್ನೆರಡು. ಖಂಡೇಪೂಜಿ ದಿನ.

ಎಲ್ಲಾ ಬರಕೊಂಡೈತೇನು ಇದು? ಯಾರು, ಯಾವಾಗ, ಏನಂದ್ರು ಅಂತ... ಪ್ರತಿ ಸಾಲಿಗೂ?

ಎರಡನೂರ ಅರವತ್ತೆಂಟು. ಹದಿನಾರು ದಪ್ಪ, ನೂರು ಉದ್ದದ ಬೋಲ್ಟ್. "ಒಂದೇ." ಶಾಲನ್ ಮಗದೂಮ್. ನಾಕು... ಮೂವತ್ತೊಂದು.

ಹತ್ತೊಂಬತ್ತು ನಿಮಿಷ.

ಆ ಹತ್ತೊಂಬತ್ತು ನಿಮಿಷ ನಾ ಏನು ಮಾಡಿದೆ ಅಂತ ಇದು ಬರಕೊಂಡಿಲ್ಲಲ್ಲ? ಹೇಳತೀನಿ ಕೇಳು. ಎರಡೂ ಡಬ್ಬಿ ತಗದು, ಒಂದು ಬೋಲ್ಟ್ ಈ ಕೈಯಾಗ, ಒಂದು ಈ ಕೈಯಾಗ ಹಿಡಕೊಂಡು ಕೂತಿದ್ದೆ. ಹಸರು ಸೀರಿ ಇನ್ನೂ ಬಿಚ್ಚಿರಲಿಲ್ಲ. ಒಂದರ ತಲಿ ಮ್ಯಾಲ ಅಂಕಿ ಹೆಬ್ಬಟ್ಟಿಗೆ ಹತ್ತಾಕತ್ತಿತ್ತು. ಬ್ಯಾರೆ ಅಂತ ಒತ್ತಾಕ ಹೋದೆ. ಖರೇನ ಹೋದೆ ಕೇತಕಿ. ಅಷ್ಟರಾಗ ಆ ತಾಟು ಕಣ್ಣ ಮುಂದ ಬಂತು. ನನ್ನ ಕೈಯಿಂದ ನಿನ್ನ ಕೈಗೆ ಹೋದ ತಾಟು.

ನಾ ಏನು ಅನ್ಕೊಂಡೆ ಗೊತ್ತೇನು? ಯಾವನರೆ ಒಬ್ಬ ರೈತ ವಾಪಸ ಬರತಾನ, ತಾಸಗಾಂವದಾಗ ಕೂಗ್ಯಾಡತಾನ, "ಎಂಥಾ ಬೋಲ್ಟ್ ಕೊಟ್ಟೀರಿ, ಬಾಗಿ ಹೋತು" ಅಂತ. ಆಬಾ ನನಗ ಫೋನ್ ಮಾಡತಾರ. "ಶಾಲನ್, ಇದೇನವ್ವ ಹಿಂಗ?" ಅಂತಾರ. ನಾ ಹೇಳತೀನಿ, "ಆಬಾ, ಹೆಬ್ಬಟ್ಟು ಸವರಿ ನೋಡ್ರಿ" ಅಂತ. "ಸಿಕ್ಕತು ನೋಡವ್ವ!" ಅಂತಾರ. ಅಷ್ಟ! ಒಂದು ಫೋನ್, ಕೇತಕಿ. ಬಾಗತೈತಿ ಅನ್ಕೊಂಡಿದ್ದೆ. ಕಡೀತೈತಿ ಅನ್ಕೊಂಡಿರಲಿಲ್ಲ. ಬಜರಂಗ ಕಲ್ಲು ಇಡಾಕ ಇಳೀತಾನಂತ ನನಗೇನು ಗೊತ್ತು?

ನಿನಗ ಯಾವಾಗ ಗೊತ್ತಾತು ಇದು? ...ಮೊದಲನೇ ದಿನಾನ ತಗದು ನೋಡಿದಿ? ಆಬಾನ ಮುಂದ ಹೋಗೂಕಿಂತ ಮೊದಲ?

ಗೊತ್ತಿದ್ದೂ "ತಪ್ಪು ನಂದು" ಅಂದಿ.

ಯಾಕ? ಯಾಕ ಅಂದಿ? ನನ್ನ ಮ್ಯಾಲ ಕರುಣಾ ಏನು? ನನಗ ಬ್ಯಾಡ ನಿನ್ನ ಕರುಣಾ! ಇದರಾಗೂ ನೀನ ದೊಡ್ಡಾಕಿ ಆಗಬೇಕೇನು? ಯಾದಿ ನಿಂದು, ಖೋಲಿ ನಿಂದು, ಅತ್ತಿ ಫೋಟೋ ನಿಂದು, ಈಗ ಒಳ್ಳೇತನಾನೂ ನಿಂದ? ನನಗ ಏನು ಉಳಿಸಿದಿ! ...ಮೂರು ದಿನದಿಂದ ನೀ ಉಂಡಿಲ್ಲಂತ ಭಡಂಗ ಹೊತ್ತುಕೊಂಡು ಬಂದೆ ನಾನು. ನಿನ್ನ ಕಡೆ ಕಾಗದ ಬರಿಸಾಕ. ಪೆನ್ನೂ ನಂದ. ಥೂ.

...ಈ ಕೀಬೋರ್ಡ್ ಯಾಕ ನನ್ನ ಮುಂದ ಸರಸತಿ? ಕುಟ್ಟೋದೆಲ್ಲಾ ನೀನ ಕುಟ್ಟು. ನಾ ಏನು ಮಾಡಲಿ? ...ಇದನ್ನ ಒತ್ತಲೇನು? "ಬೇರ್ಪಡಿಸಿ." ...ನಿನ್ನಿಂದ ಆಗೂದಿಲ್ಲ? ಒಂದೇ ಅಂದಾಕಿನ ಬ್ಯಾರೆ ಅನಬೇಕು? ಹಂಗ ಮಾಡಿಯೇನು ಇದನ್ನ... ಶಾಣ್ಯಾಕಿ. ಒತ್ತಿದೆ, ನೋಡು. ಒತ್ತಿದೆ.

ಏನೋ ಕೇಳಾಕತ್ತೈತಿ. "ಕಾರಣ." ಬಿಟ್ಟು ಮುಂದ ಹೋಗಾಕ ಬರೂದಿಲ್ಲೇನು? ...ಬರೂದಿಲ್ಲ.

ಕಣ್ಣು ಮಂಜಿತ್ತು ಅಂತ ಬರೀಲೇನು? ದಸರಾ ಗದ್ದಲ ಅಂತ? ...ಹೇಳ. ತಲಿ ಅಲ್ಲಾಡಿಸಬ್ಯಾಡ, ಬಾಯಿ ಬಿಟ್ಟು ಹೇಳ. ಏನಂತ ಬರೀಲಿ?

ಮೂರೂ ಅಂಗಡ್ಯಾಗ ಕಾಣತೈತೇನು ಇದು? ತಾಸಗಾಂವದಾಗೂ? ಆಬಾ ಡಬ್ಬಿ ನಂಬರ ನೋಡಿದಾಗೆಲ್ಲಾ? ...ಯಾವತ್ತೂ ಅಳಸಾಕ ಬರೂದಿಲ್ಲ.

ನನ್ನ ಒಂದು ಹೆಸರೂ ನಿನ್ನ ಯಾದ್ಯಾಗ ಉಳೀಲಿಲ್ಲಂತ ಅತ್ತಿದ್ದೆ ನಾನು. ಗಣಪಾನ ನಟ್ ಹೋತು, ಎಲ್ಲಾ ಹೋತು. ಇದೊಂದು ಉಳೀತು ನೋಡು. ಶಾಲನ್ ಮಗದೂಮ್, ಸಾಲು ಎರಡನೂರ ಅರವತ್ತೆಂಟು.

ಕೆಳಗ ಜೀಪ್ ಬಂತು. ಆಬಾನ ಕೆಮ್ಮು ಅದು. ಮೆಟ್ಟಲ ಹತ್ತಾಕತ್ತಾರ, ಕೋಲು ಕೇಳತೈತಿ. ಬಾಗಲಾ ಹಾಕಬ್ಯಾಡ, ಇರಲಿ ತೆರದ.

ಆ ಅಕ್ಷರ ಎಲ್ಲೈತಿ ತೋರಿಸು. ನನ್ನ ಬೆರಳಿಗೆ ಸಿಗವಲ್ದು. ಹೊ... ಟ್ಟೆ... ಕಿ... ಆಮ್ಯಾಲ ಯಾವುದು, ಕೇತಕಿ?